ಒಂದು ಮೈಕ್ರಾನಿನ ಬೆಲೆ

ಹೊಸ ಕಾರಿನ ಕೊಟೇಶನ್ ಹಾಳೆಯಲ್ಲಿ ಎಕ್ಸ್ ಶೋರೂಮ್ ಬೆಲೆ, ರಸ್ತೆ ತೆರಿಗೆ, ವಿಮೆ, ಫಾಸ್ಟ್ಯಾಗ್ ಎಲ್ಲ ಮುಗಿದ ಮೇಲೆ ಈಚೆಗೆ ಇನ್ನೊಂದು ಸಾಲು ಬಂದು ಕೂರುತ್ತಿದೆ: ಸೆರಾಮಿಕ್ ಕೋಟಿಂಗ್. ಚಿಕ್ಕ ಕಾರಿಗೆ 15,000 ರೂಪಾಯಿ ಆಸುಪಾಸು, ಎಸ್‌ಯುವಿಗೆ 30,000ದಿಂದ 40,000, ಕೆಲವೆಡೆ ಅದಕ್ಕೂ ಮೇಲೆ. ಅದರ ಮೇಲೆ ಶೇ 18ರ ಜಿಎಸ್‌ಟಿ. ಹದಿನಾಲ್ಕು ಲಕ್ಷಕ್ಕೆ ಸಹಿ ಹಾಕುತ್ತಿರುವವರಿಗೆ ಮೂವತ್ತು ಸಾವಿರ ದೊಡ್ಡದಾಗಿ ಕಾಣುವುದಿಲ್ಲ. ‘ಒಂದು ಸಲ ಮಾಡಿಸಿಬಿಡಿ ಸರ್, ಐದು ವರ್ಷ ಬಣ್ಣದ ಚಿಂತೆ ಇರಲ್ಲ, ಗೀರು ಬೀಳಲ್ಲ’ ಎಂಬ ಮಾತಿಗೆ ತಲೆದೂಗಿ ಬಹಳ ಮಂದಿ ಒಪ್ಪಿಬಿಡುತ್ತಾರೆ. ಈ ಲೇಪ ಬರೀ ಬೂಟಾಟಿಕೆ ಎಂದು ತಳ್ಳಿಹಾಕುವಂತಿಲ್ಲ. ಅದರ ಹಿಂದೆ ನಿಜವಾದ ರಸಾಯನಶಾಸ್ತ್ರವಿದೆ, ಅದು ಮಾಡುವ ಕೆಲಸವೂ ಕಣ್ಣಿಗೆ ಕಾಣುತ್ತದೆ. ಆದರೆ ಅದು ಯಾವುದರಿಂದ ಕಾಪಾಡುತ್ತದೋ ಅದರಿಂದ ನಮ್ಮ ಕಾರುಗಳು ಹಾಳಾಗುವುದು ಕಡಿಮೆ. ನಮ್ಮ ಕಾರುಗಳ ಬಣ್ಣವನ್ನು ದಿನವೂ ಸವೆಸುವುದು ಯಾವುದೋ ಅದರೆದುರು ಇದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ತೊಳೆಯುವ ಕೆಲಸವನ್ನು ಹಗುರಾಗಿಸುವ ಒಂದು ಅನುಕೂಲವನ್ನು ರಕ್ಷಾಕವಚವೆಂದು ಮಾರುತ್ತಿದ್ದಾರೆ ಎಂಬುದೇ ನನ್ನ ತಕರಾರು.

ಮೊದಲು ಬಣ್ಣದ ವಿಚಾರ. ಕಾರಿನ ಮೈಮೇಲಿರುವುದು ಒಂದೇ ಪದರವಲ್ಲ. ಬರಿಯ ಉಕ್ಕಿನ ದೇಹವನ್ನು ದ್ರಾವಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಸಂದುಗೊಂದುಗಳಿಗೂ ಹತ್ತಿಸುವ ತುಕ್ಕು ನಿರೋಧಕ ಪದರ ಎಲ್ಲಕ್ಕಿಂತ ಕೆಳಗಿನದು. ಅದರ ಮೇಲೆ ಪ್ರೈಮರ್, ಪ್ರೈಮರಿನ ಮೇಲೆ ನಾವು ಆರಿಸಿಕೊಂಡ ಬಣ್ಣದ ತೆಳು ಪದರ, ಕೊನೆಗೆ ಬಣ್ಣವೇ ಇಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ಎಲ್ಲ ಸೇರಿದರೆ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪದ ಒಂದೂವರೆ–ಎರಡು ಪಟ್ಟು. ಇದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್. ಕಾರ್ಖಾನೆಯಲ್ಲಿ ಇದನ್ನು ಸುಮಾರು 140 ಡಿಗ್ರಿ ಶಾಖದ ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡಿರುತ್ತಾರೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುವ ರಾಸಾಯನಿಕಗಳನ್ನೂ, ಬಿಸಿಲಿಗೆ ಸಿಕ್ಕ ರಾಳ ಒಡೆದುಹೋಗದಂತೆ ತಡೆಯುವ ಸ್ಥಿರಕಾರಿಗಳನ್ನೂ ಅದರೊಳಗೇ ಬೆರೆಸಿರುತ್ತಾರೆ. ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಈ ಪಾರದರ್ಶಕ ಪದರ ಇರಲಿಲ್ಲ. ಬಣ್ಣವೇ ನೇರವಾಗಿ ಬಿಸಿಲಿಗೆ ಒಡ್ಡಿಕೊಂಡಿರುತ್ತಿತ್ತು, ಕೆಲವೇ ವರ್ಷಗಳಲ್ಲಿ ಮಂಕಾಗಿ, ಬೆರಳಿಟ್ಟರೆ ಸುಣ್ಣದಂಥ ಪುಡಿ ಹತ್ತುತ್ತಿತ್ತು. ಆಗ ತಿಂಗಳಿಗೊಮ್ಮೆ ವ್ಯಾಕ್ಸ್ ಪಾಲಿಶ್ ಹಾಕುವುದು ಷೋಕಿಯಲ್ಲ, ಅಗತ್ಯ. ಕ್ಲಿಯರ್ ಕೋಟ್ ಕಾರುಗಳಲ್ಲಿ ಸಾಮಾನ್ಯವಾದದ್ದು 1980ರ ದಶಕದಿಂದೀಚೆಗೆ. ಬಣ್ಣಕ್ಕೆ ಮೇಲಿನಿಂದ ಏನಾದರೂ ಹಚ್ಚದಿದ್ದರೆ ಹಾಳಾಗುತ್ತದೆ ಎಂಬ ನಂಬಿಕೆ ಮಾತ್ರ ಆ ಹಿಂದಿನ ಕಾಲದಿಂದ ನಮ್ಮಲ್ಲಿ ಹಾಗೇ ಉಳಿದುಬಂದಿದೆ. ಮಾರುವವರಿಗೆ ಆ ನಂಬಿಕೆಯೇ ಬಂಡವಾಳ.

ಈಗ ಆ ಪುಟ್ಟ ಗಾಜಿನ ಶೀಶೆಯೊಳಗೆ ಏನಿದೆ ನೋಡೋಣ. ಮೂವತ್ತೋ ಐವತ್ತೋ ಮಿಲಿಲೀಟರ್ ದ್ರವ. ಅದರಲ್ಲಿ ಬಹುಪಾಲು ಆರಿಹೋಗುವ ದ್ರಾವಕ. ಉಳಿದದ್ದು ಪಾಲಿಸಿಲಜೇನ್ ಅಥವಾ ಸಿಲಾಕ್ಸೇನ್ ಜಾತಿಯ ಸಿಲಿಕಾನ್ ಸಂಯುಕ್ತಗಳು. ಸ್ಪಂಜಿನ ತುಂಡಿಗೆ ಸುತ್ತಿದ ಮೆತ್ತನೆಯ ಬಟ್ಟೆಯ ಮೇಲೆ ನಾಲ್ಕು ಹನಿ ಹಾಕಿ, ಒಂದೊಂದೇ ಚೌಕದಷ್ಟು ಜಾಗಕ್ಕೆ ಅಡ್ಡ–ಉದ್ದ ಸವರುತ್ತಾರೆ. ನಿಮಿಷ ಕಳೆಯುವುದರೊಳಗೆ ಮೇಲ್ಮೈಯಲ್ಲಿ ಎಣ್ಣೆಯ ಪಸೆಯಂಥ ಬಣ್ಣದ ಛಾಯೆ ಮೂಡುತ್ತದೆ. ಆಗ ಇನ್ನೊಂದು ಬಟ್ಟೆಯಿಂದ ಹೆಚ್ಚಾದದ್ದನ್ನು ಒರೆಸಿ ತೆಗೆಯಬೇಕು. ತಡವಾದರೆ ಕಲೆ ಕಲೆಯಾಗಿ ಅಲ್ಲೇ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಪಾಲಿಶ್ ಮಾಡದೆ ಹೋಗದು. ಉಳಿದ ಅಂಶ ಗಾಳಿಯ ತೇವವನ್ನು ಹೀರಿ, ಒಂದಕ್ಕೊಂದು ಹೆಣೆದುಕೊಂಡು, ಸಿಲಿಕಾ ಪ್ರಧಾನವಾದ ಗಡುಸು ಪೊರೆಯಾಗುತ್ತದೆ. ಮುಟ್ಟಿದರೆ ಅಂಟದಷ್ಟು ಒಣಗಲು ಒಂದು ದಿನ, ಪೂರ್ತಿ ಪಕ್ವವಾಗಲು ಒಂದು ವಾರ ಬೇಕು. ಅಷ್ಟು ದಿನ ಕಾರಿಗೆ ಶಾಂಪೂ ಮುಟ್ಟಿಸಬೇಡಿ ಎನ್ನುವುದು ಇದಕ್ಕಾಗಿಯೇ. ವ್ಯಾಕ್ಸ್ ಕೆಲವು ವಾರಗಳಲ್ಲೇ ತೊಳೆದುಹೋಗುತ್ತದೆ, ಇದು ಹಾಗಲ್ಲ. ಉಜ್ಜಿ ತೆಗೆಯದ ಹೊರತು ತಿಂಗಳುಗಟ್ಟಲೆ, ಚೆನ್ನಾಗಿ ನೋಡಿಕೊಂಡರೆ ಎರಡು ಮೂರು ವರ್ಷ ನಿಲ್ಲುತ್ತದೆ. ಅದರ ಮೇಲೆ ಬಿದ್ದ ನೀರು ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಗುಂಡಗಾಗಿ ಉರುಳುತ್ತದೆ. ಇಷ್ಟೂ ನಿಜ. ಆದರೆ ಆ ಪೊರೆಯ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನಿನ ಆಸುಪಾಸು. ಎರಡು ಕೋಟ್ ಹಾಕಿದರೂ ಎರಡು ಮೈಕ್ರಾನಿನ ಲೆಕ್ಕ. ನಲವತ್ತು ಮೈಕ್ರಾನಿನ ಕ್ಲಿಯರ್ ಕೋಟಿನ ಮೇಲೆ ಒಂದೆರಡು ಮೈಕ್ರಾನ್ ಸೇರಿಸಿ ಅದನ್ನು ಗುರಾಣಿ ಎನ್ನುವುದು ದೊಡ್ಡ ಮಾತಾಯಿತು.

ಗುರಾಣಿಯ ಮಾತಿಗೆ ಬಲ ತುಂಬುವುದು ‘9ಎಚ್ ಗಡಸುತನ’ ಎಂಬ ಮುದ್ರೆ. ಬಹುತೇಕ ಎಲ್ಲ ಡಬ್ಬಿಗಳ ಮೇಲೂ ಅದು ಇರುತ್ತದೆ. ವಜ್ರಕ್ಕೆ ಹತ್ತು, ಇದಕ್ಕೆ ಒಂಬತ್ತು ಎಂದು ವಿವರಿಸುವ ಮಾರಾಟಗಾರರೂ ಇದ್ದಾರೆ; ಅದು ಶುದ್ಧ ತಪ್ಪು. ವಜ್ರಕ್ಕೆ ಹತ್ತು ಅಂಕ ಕೊಡುವುದು ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಖನಿಜಗಳ ಮಾಪನ. ಡಬ್ಬಿಯ ಮೇಲಿನ ಎಚ್ ಅಕ್ಷರ ನಮ್ಮ ಮಕ್ಕಳ ಜಾಮಿಟ್ರಿ ಬಾಕ್ಸಿನ ಪೆನ್ಸಿಲ್ಲಿನದು. ಬಣ್ಣದ ಉದ್ಯಮದಲ್ಲಿ ಒಂದು ಸರಳ ಪರೀಕ್ಷೆಯಿದೆ: ಮೊನೆಯನ್ನು ಚಪ್ಪಟೆಯಾಗಿ ಉಜ್ಜಿದ ಪೆನ್ಸಿಲ್ಲನ್ನು ಪುಟ್ಟ ಗಾಲಿಗಳ ಉಪಕರಣದಲ್ಲಿ 45 ಡಿಗ್ರಿ ಓರೆಯಾಗಿ ಸಿಕ್ಕಿಸಿ, 750 ಗ್ರಾಂ ಭಾರದಲ್ಲಿ ಬಣ್ಣದ ಮೇಲೆ ದೂಡುತ್ತಾರೆ. ಮೆತ್ತನೆಯ ಬಿ ಪೆನ್ಸಿಲ್ಲುಗಳಿಂದ ಎಚ್‌ಬಿ ದಾಟಿ ಗಟ್ಟಿ ಎಚ್ ಪೆನ್ಸಿಲ್ಲುಗಳವರೆಗೆ ಒಂದೊಂದನ್ನೇ ಓಡಿಸಿ, ಗೀರು ಬೀಳಿಸದ ಅತಿ ಗಟ್ಟಿ ಪೆನ್ಸಿಲ್ ಯಾವುದೋ ಅದೇ ಆ ಬಣ್ಣದ ಅಂಕ. 9ಎಚ್ ಎಂದರೆ ಪೆಟ್ಟಿಗೆಯಲ್ಲಿದ್ದ ಪೆನ್ಸಿಲ್ಲುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದೂ ಗೀರಲಿಲ್ಲ ಎಂದಷ್ಟೇ. ಪೆನ್ಸಿಲ್ಲಿನ ಕಡ್ಡಿ ಎಷ್ಟೇ ಗಟ್ಟಿಯಾದರೂ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಕಾರಿನ ಮೇಲೆ ಕೂರುವ ಧೂಳಿನಲ್ಲಿರುವುದು ಮರಳಿನ ಕಣ, ಅಂದರೆ ಬೆಣಚು. ಮೋಸ್ ಮಾಪನದಲ್ಲಿ ಅದರ ಅಂಕ ಏಳು, ಉಕ್ಕಿನ ಚಾಕುವನ್ನೂ ಗೀರಬಲ್ಲದು. ಪೆನ್ಸಿಲ್ಲಿನ ಎದುರು ಗೆದ್ದ ಪೊರೆ ಮರಳಿನ ಎದುರು ಗೆಲ್ಲಬೇಕೆಂದೇನೂ ಇಲ್ಲ. ಹೆದ್ದಾರಿಯಲ್ಲಿ ಮುಂದಿನ ಲಾರಿಯ ಚಕ್ರದಿಂದ ಸಿಡಿಯುವ ಜಲ್ಲಿಕಲ್ಲಿನ ಮಾತಂತೂ ಬೇಡವೇ ಬೇಡ. ಅದನ್ನು ತಡೆಯುವುದು 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೇಥೇನ್ ಹಾಳೆ, ಪಿಪಿಎಫ್ ಎಂದು ಕರೆಯುತ್ತಾರಲ್ಲ, ಅದು. ಅದರ ಬೆಲೆ ಇದರ ಹಲವು ಪಟ್ಟು, ಅದರ ಚರ್ಚೆಯೂ ಬೇರೆಯೇ.

ಧೂಳಿನ ಮಾತು ಬಂದ ಮೇಲೆ ನಮ್ಮ ಕಾರುಗಳ ಬಣ್ಣ ಹಾಳಾಗುವ ನಿಜವಾದ ದಾರಿಗೆ ಬರಬೇಕು. ಯಾವುದೇ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಬೆಳಗಿನ ಆರು ಗಂಟೆಗೆ ನಡೆಯುವುದು ಇದು. ಒಂದು ಬಕೆಟ್ ನೀರು, ಒಂದು ಬಟ್ಟೆ. ಬಟ್ಟೆ ಒಮ್ಮೊಮ್ಮೆ ಹಳದಿ ಡಸ್ಟರ್, ಹೆಚ್ಚಿನ ಸಲ ಯಾರದೋ ಹಳೆಯ ಬನಿಯನ್. ಅದನ್ನು ಅದ್ದಿ, ಹಿಂಡಿ, ಮೊದಲು ಚಾವಣಿ, ಆಮೇಲೆ ಬಾನೆಟ್, ಬಾಗಿಲು, ಕೊನೆಗೆ ಗಾಲಿಯ ಮಗ್ಗುಲು. ಮತ್ತೆ ಅದೇ ಬಕೆಟ್ಟಿಗೆ ಅದ್ದಿ ಪಕ್ಕದ ಕಾರಿನ ಚಾವಣಿ. ನಾಲ್ಕನೆಯ ಕಾರಿನ ಹೊತ್ತಿಗೆ ಬಕೆಟ್ಟಿನ ತಳದಲ್ಲಿ ಬೆರಳಿಗೆ ಸಿಗುವಷ್ಟು ಮರಳು ಕೂತಿರುತ್ತದೆ, ಆ ಮರಳಿನ ಒಂದಂಶ ಬಟ್ಟೆಯ ಎಳೆಗಳಲ್ಲಿ ಸಿಕ್ಕಿಕೊಂಡು ಕಾರಿನ ಮೇಲೆ ವೃತ್ತಾಕಾರವಾಗಿ ಓಡಾಡುತ್ತದೆ. ಕೆಲಸ ಮಾಡುವವರನ್ನು ದೂರಿ ಪ್ರಯೋಜನವಿಲ್ಲ. ಕಾರಿಗೆ ತಿಂಗಳಿಗೆ ಐನೂರೋ ಎಂಟುನೂರೋ ಕೊಟ್ಟು, ಎಂಟು ಗಂಟೆಯೊಳಗೆ ಹದಿನೈದು ಕಾರು ಮುಗಿಯಬೇಕು ಎಂದರೆ ಇದಕ್ಕಿಂತ ಬೇರೆ ರೀತಿ ಸಾಧ್ಯವೂ ಇಲ್ಲ. ಮನೆಯ ಮುಂದೆ ಕಾರು ನಿಲ್ಲಿಸುವವರು ಹೊರಡುವ ಮುನ್ನ ಒಣ ಡಸ್ಟರಿನಲ್ಲಿ ಧೂಳು ಕೊಡವುವುದಂತೂ ಇದಕ್ಕಿಂತ ಕೆಟ್ಟದ್ದು; ಅಲ್ಲಿ ಜಾರಿಕೆಗೆ ನೀರೂ ಇಲ್ಲ. ಕಪ್ಪು ಅಥವಾ ಕಡುನೀಲಿ ಕಾರನ್ನು ಒಂದು ವರ್ಷ ಹೀಗೆ ಒರೆಸಿದ ಮೇಲೆ ಬಿಸಿಲಿಗೆ ನಿಲ್ಲಿಸಿ ನೋಡಿ. ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ಸಾವಿರಾರು ಸಣ್ಣ ಗೀರುಗಳು ಕಾಣುತ್ತವೆ. ಬಣ್ಣ ಮಂಕಾಯಿತು ಎಂದು ನಾವು ಹೇಳುವುದು ಬಹುಮಟ್ಟಿಗೆ ಇದನ್ನೇ. ಬಣ್ಣ ಎಲ್ಲೂ ಹೋಗಿರುವುದಿಲ್ಲ. ಕ್ಲಿಯರ್ ಕೋಟಿನ ಮೇಲ್ಮೈ ಗೀರುಗಳಿಂದ ಬೆಳಕನ್ನು ಚದುರಿಸುತ್ತಿರುತ್ತದೆ, ಅಷ್ಟೆ.

ಸೆರಾಮಿಕ್ ಪೊರೆ ಇದನ್ನು ತಡೆಯುತ್ತದೆಯೇ? ತಕ್ಕಮಟ್ಟಿಗೆ ತಡೆಯುತ್ತದೆ ಎಂದು ಒಪ್ಪಬೇಕು. ಮೇಲ್ಮೈ ಜಾರು ಜಾರಾಗಿರುವುದರಿಂದ ಕೊಳೆ ಗಟ್ಟಿಯಾಗಿ ಕಚ್ಚುವುದಿಲ್ಲ, ಕಡಿಮೆ ಒತ್ತಡದಲ್ಲೇ ಬಿಟ್ಟುಕೊಡುತ್ತದೆ, ಹಾಗಾಗಿ ಉಜ್ಜುವುದೂ ಕಡಿಮೆಯಾಗುತ್ತದೆ. ಆದರೆ ಇದು ಕಾರನ್ನು ಸರಿಯಾಗಿ ತೊಳೆಯುವವರಿಗೆ ಸಿಗುವ ಲಾಭ. ಅದೇ ಬಕೆಟ್, ಅದೇ ಬನಿಯನ್, ದಿನವೂ ಅದೇ ಒರೆಸಾಟ ನಡೆದರೆ ಒಂದು ಮೈಕ್ರಾನಿನ ಪೊರೆ ಮೊದಲು ತಾನೇ ಗೀರುತ್ತದೆ, ಆಮೇಲೆ ತೇಪೆ ತೇಪೆಯಾಗಿ ಸವೆಯುತ್ತದೆ. ಐದು ವರ್ಷದ ಪೊರೆ ಎಂಟು–ಹತ್ತು ತಿಂಗಳಿಗೇ ನೀರನ್ನು ಉರುಳಿಸುವುದು ಬಿಟ್ಟಿದೆ ಎಂದು ದೂರು ಬಂದಾಗ ತಪ್ಪು ಶೀಶೆಯದ್ದೇ ಆಗಿರಬೇಕಿಲ್ಲ. ಮಾರುವ ಹೊತ್ತಿನಲ್ಲಿ ‘ನಿಮ್ಮ ಕಾರನ್ನು ಯಾರು ಒರೆಸುತ್ತಾರೆ, ಯಾವ ಬಟ್ಟೆಯಲ್ಲಿ?’ ಎಂಬ ಪ್ರಶ್ನೆಯನ್ನು ಯಾರೂ ಕೇಳದಿರುವುದು ತಪ್ಪು. ಆ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಸಿಕ್ಕರೆ ಅರ್ಧಕ್ಕರ್ಧ ವ್ಯಾಪಾರ ಅಲ್ಲೇ ನಿಲ್ಲುತ್ತದೆ.

ಇನ್ನು ನೀರು. ಹನಿಗಳು ಗುಂಡಗೆ ಉರುಳುವ ವೀಡಿಯೊ ತೋರಿಸಿಯೇ ಈ ಸರಕು ಮಾರಾಟವಾಗುವುದು. ಮಳೆಯಲ್ಲಿ ಕಾರು ಓಡುತ್ತಿದ್ದರೆ ಆ ಹನಿಗಳು ಕೊಳೆಯನ್ನೂ ಹೊತ್ತುಕೊಂಡು ಜಾರಿಹೋಗುತ್ತವೆ, ಸಂತೋಷ. ನಿಂತ ಕಾರಿನ ಮೇಲೆ ಬೋರ್‌ವೆಲ್ ನೀರು ಬಿದ್ದರೆ ಕಥೆ ಬೇರೆ. ಭಾರತೀಯ ಮಾನಕ ಬ್ಯೂರೊ ಕುಡಿಯುವ ನೀರಿನ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಸೂಕ್ತವೆಂದೂ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹಿಸಬಹುದೆಂದೂ ಹೇಳುತ್ತದೆ. 500 ಗಡಸುತನದ ನೀರಿನಲ್ಲಿ ಕಾರು ತೊಳೆದು, ಒರೆಸದೆ ಅರ್ಧ ಲೀಟರ್ ನೀರು ಮೈಮೇಲೆ ಆರಿದರೆ ಕಾಲು ಗ್ರಾಂ ಸುಣ್ಣದಂಶ ಕಾರಿನ ಮೇಲೇ ಉಳಿಯಿತು ಎಂದಾಯಿತು. ಲೇಪವಿಲ್ಲದ ಕಾರಿನಲ್ಲಿ ನೀರು ಹಾಳೆಯಾಗಿ ಹರಡಿ, ಆ ಸುಣ್ಣವೂ ತೆಳುವಾಗಿ ಹರಡುತ್ತದೆ. ಲೇಪವಿದ್ದ ಕಾರಿನಲ್ಲಿ ಅಷ್ಟೂ ಸುಣ್ಣ ಒಂದೊಂದು ಹನಿಯ ಜಾಗದಲ್ಲಿ ಕೇಂದ್ರೀಕೃತವಾಗಿ ಬಿಳಿಯ ಬಳೆಗಳಾಗಿ ಕೂರುತ್ತದೆ. ಬಿಸಿಲಿದ್ದರಂತೂ ಹದಿನೈದು ನಿಮಿಷದ ಕೆಲಸ. ಬೆಂಗಳೂರು ಜಲಮಂಡಳಿ 2024ರ ಮಾರ್ಚಿನ ನೀರಿನ ಬರದಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸುವುದಾಗಿ ಆದೇಶಿಸಿತು. 2025ರ ಫೆಬ್ರುವರಿಯಲ್ಲಿ ಮತ್ತೆ ಅಂಥದೇ ಆದೇಶ ಬಂತು. ಆದೇಶ ನ್ಯಾಯವಾದದ್ದೇ. ಅದರ ಫಲವಾಗಿ ಕಾರಿಗೆ ಸಿಗುವುದು ಬೋರ್‌ವೆಲ್, ಟ್ಯಾಂಕರ್ ಅಥವಾ ಅಪಾರ್ಟ್‌ಮೆಂಟಿನಲ್ಲಿ ಸಂಸ್ಕರಿಸಿದ ನೀರು. ಸಾಮಾನ್ಯ ಸಂಸ್ಕರಣೆ ಕೊಳೆಯನ್ನು ತೆಗೆಯುತ್ತದೆಯೇ ಹೊರತು ಕರಗಿದ ಲವಣಗಳನ್ನಲ್ಲ. ಹಾಗಾಗಿ ಬೆಂಗಳೂರು, ಕೋಲಾರ, ತುಮಕೂರಿನಂಥ ಬೋರ್‌ವೆಲ್ ನೆಚ್ಚಿದ ಊರುಗಳಲ್ಲಿ ಸೆರಾಮಿಕ್ ಕೋಟಿಂಗ್ ಮಾಡಿಸಿದವರಿಗೆ ತೊಳೆದ ಕೂಡಲೇ ಒಣಬಟ್ಟೆಯಲ್ಲಿ ನೀರನ್ನು ಪೂರ್ತಿ ಹೀರಿಸುವ ಹೊಸ ಕೆಲಸವೊಂದು ಅಂಟಿಕೊಳ್ಳುತ್ತದೆ. ವಾರಂಟಿ ಕಾಗದದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ನೀರಿನ ಕಲೆ ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರುವುದಿಲ್ಲ.

ಇಷ್ಟಾದರೂ ಒಂದು ಆಕ್ಷೇಪ ಗಟ್ಟಿಯಾಗಿ ನಿಲ್ಲುತ್ತದೆ: ‘ನಮ್ಮ ಪರಿಚಯದವರು ಮಾಡಿಸಿದ್ದಾರೆ, ಕಾರು ಶೋರೂಮಿನಿಂದ ಬಂದದ್ದಕ್ಕಿಂತ ಹೊಳೆಯುತ್ತಿದೆಯಲ್ಲ!’ ಹೊಳೆಯುತ್ತದೆ, ಸುಳ್ಳಲ್ಲ. ಆದರೆ ಆ ಹೊಳಪಿನ ಮುಕ್ಕಾಲು ಪಾಲು ಶೀಶೆಯಿಂದ ಬಂದದ್ದಲ್ಲ. ಲೇಪ ಹಚ್ಚುವ ಮುನ್ನ ಒಳ್ಳೆಯ ಡೀಟೇಲಿಂಗ್ ಅಂಗಡಿಯವರು ಒಂದು ದಿನ ಪೂರ್ತಿ ತಯಾರಿ ನಡೆಸುತ್ತಾರೆ. ಬ್ರೇಕಿನಿಂದ ಹಾರಿ ಬಣ್ಣದಲ್ಲಿ ಹೂತ ಕಬ್ಬಿಣದ ಕಣಗಳನ್ನು ಕರಗಿಸುವ ದ್ರಾವಣ ಸಿಂಪಡಿಸುತ್ತಾರೆ. ಕಬ್ಬಿಣವಿದ್ದಲ್ಲೆಲ್ಲ ನೇರಳೆ ಬಣ್ಣದ ಗೆರೆಗಳು ಇಳಿಯುವುದನ್ನು ನೋಡಬಹುದು. ಆಮೇಲೆ ಕ್ಲೇ ಎಂಬ ಜಿಗುಟು ಮುದ್ದೆಯನ್ನು ನೊರೆನೀರಿನ ಮೇಲೆ ಓಡಿಸಿ ಉಳಿದ ಕಣಗಳನ್ನು ಎತ್ತುತ್ತಾರೆ. ಕೊನೆಗೆ ಕಾಂಪೌಂಡ್ ಹಚ್ಚಿದ ಪ್ಯಾಡ್ ಇರುವ ಯಂತ್ರದಿಂದ ಮೈಯೆಲ್ಲ ಪಾಲಿಶ್. ಗೀರುಗಳು ಮಾಯವಾಗುವುದು, ಕನ್ನಡಿಯಂತೆ ಮುಖ ಕಾಣುವುದು ಈ ಹಂತದಲ್ಲಿ. ಲೇಪ ಆ ಸ್ಥಿತಿಯ ಮೇಲೆ ಬೀಗ ಹಾಕುತ್ತದೆ, ಒಂದಿಷ್ಟು ಗಾಢತೆ ಸೇರಿಸುತ್ತದೆ. ಅದೇ ಪಾಲಿಶ್ ಮಾಡಿಸಿ ಮೇಲೆ ಕೆಲವು ನೂರು ರೂಪಾಯಿಯ ಸಾಧಾರಣ ವ್ಯಾಕ್ಸ್ ಹಚ್ಚಿದ ಕಾರನ್ನೂ, ಸೆರಾಮಿಕ್ ಹಚ್ಚಿದ ಕಾರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಮೊದಲ ದಿನ ಬರಿಗಣ್ಣಿನಲ್ಲಿ ವ್ಯತ್ಯಾಸ ಗುರುತಿಸುವುದು ಪಳಗಿದವರಿಗೂ ಕಷ್ಟ.

ಈ ಪಾಲಿಶಿನಲ್ಲೇ ಒಂದು ವಿಪರ್ಯಾಸವೂ ಅಡಗಿದೆ. ಗೀರು ಮಾಯವಾಗುವುದು ಗೀರು ತುಂಬಿಕೊಂಡದ್ದರಿಂದಲ್ಲ. ಗೀರಿನ ತಳದವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನೇ ಹೆರೆದು ಮಟ್ಟ ಮಾಡಿದ್ದರಿಂದ. ಹಗುರಾದ ಪಾಲಿಶಿಗೆ ಒಂದು ಮೈಕ್ರಾನ್ ಹೋದರೆ, ಒರಟು ಕಾಂಪೌಂಡಿಗೆ ಮೂರೋ ನಾಲ್ಕೋ ಹೋಗುತ್ತದೆ. ಅವಸರದ ಕೈಯಲ್ಲಿ ಅಂಚುಗಳಲ್ಲಿ ಅದಕ್ಕೂ ಹೆಚ್ಚು. ಬಿಸಿಲನ್ನು ತಡೆಯುವ ರಾಸಾಯನಿಕಗಳಿರುವುದು ಇದೇ ಪದರದಲ್ಲಿ ಎಂಬುದನ್ನು ನೆನಪಿಡಬೇಕು. ಲೇಪ ಸವೆಯಿತೆಂದು ಎರಡು ವರ್ಷಕ್ಕೊಮ್ಮೆ ಕಾಂಪೌಂಡ್ ಹಿಡಿದು ಹೊಸ ಲೇಪ ಹಚ್ಚಿಸುತ್ತ ಹೋದರೆ, ಒಂದು ಮೈಕ್ರಾನ್ ಸೇರಿಸುವುದಕ್ಕೆ ಪ್ರತಿಸಲ ಮೂರು ಮೈಕ್ರಾನ್ ಕಳೆದಂತೆ. ಬಣ್ಣದ ರಕ್ಷಣೆಯ ಹೆಸರಿನಲ್ಲಿ ಬಣ್ಣದ ಸ್ವಂತ ರಕ್ಷಣೆಯನ್ನೇ ತೆಳುಗೊಳಿಸುವ ಈ ಲೆಕ್ಕವನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಬಿಸಿಲಿನ ವಾದವೂ ಉಂಟು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನಿಂತ ಕಪ್ಪು ಕಾರಿನ ಬಾನೆಟ್ ಕೈ ಇಡಲಾಗದಷ್ಟು ಕಾಯುತ್ತದೆ. ಅಲ್ಲಿ ಬೇಡವೇ ಎಂದು ಕೇಳುತ್ತಾರೆ. ಶಾಖವನ್ನು ಈ ಪೊರೆ ತಡೆಯುವುದಿಲ್ಲ. ಅತಿನೇರಳೆ ಕಿರಣಗಳನ್ನು ಹೀರುವುದಕ್ಕೆ ದಪ್ಪ ಬೇಕು. ನಲವತ್ತು ಮೈಕ್ರಾನಿನ ಪದರ ಮಾಡುತ್ತಿರುವ ಕೆಲಸಕ್ಕೆ ಒಂದು ಮೈಕ್ರಾನ್ ಸೇರಿಸಿದರೆ ಆಗುವ ಉಪಕಾರ ಅತ್ಯಲ್ಪ. ನೆರಳು, ಮೈಮುಚ್ಚುವ ಶೆಡ್ಡು ಅದಕ್ಕಿಂತ ಎಷ್ಟೋ ಮೇಲು. ಕರಾವಳಿಯವರ ಪ್ರಶ್ನೆ ಉಪ್ಪು ಮತ್ತು ತುಕ್ಕಿನದು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಕಡಲ ಗಾಳಿಯ ಉಪ್ಪು ಬೇರೆ. ಆದರೆ ತುಕ್ಕು ಹುಟ್ಟುವುದು ಬಾನೆಟ್ಟಿನ ನಡುವೆ ಅಲ್ಲ. ಬಾಗಿಲಿನ ಕೆಳ ಅಂಚು, ಚಕ್ರದ ಗೂಡು, ತಳದ ಬೆಸುಗೆಯ ಸಾಲು, ಕಲ್ಲು ತಾಗಿ ಬಣ್ಣ ಹಾರಿದ ಜಾಗ, ಇಲ್ಲೆಲ್ಲ. ಸೆರಾಮಿಕ್ ಹಚ್ಚುವವರ ಕೈ ಅಲ್ಲಿಗೆ ಹೋಗುವುದೇ ಇಲ್ಲ. ಉಡುಪಿ, ಕಾರವಾರದವರು ಆ ದುಡ್ಡಿನ ಸ್ವಲ್ಪ ಭಾಗವನ್ನು ಕಾರಿನ ತಳಭಾಗದ ತುಕ್ಕು ನಿರೋಧಕ ಲೇಪಕ್ಕೂ, ಮಳೆಗಾಲ ಮುಗಿದೊಡನೆ ತಳವನ್ನು ಜೋರು ನೀರಿನಲ್ಲಿ ತೊಳೆಸುವುದಕ್ಕೂ ಹಾಕಿದರೆ ಹೆಚ್ಚು ಪ್ರಯೋಜನ.

ಹಾಗಾದರೆ ಇದು ಯಾವುದಕ್ಕೂ ಬಾರದೇ? ಬರುತ್ತದೆ. ಹಕ್ಕಿಯ ಹಿಕ್ಕೆ, ಮರದ ಅಂಟು, ಹೆದ್ದಾರಿಯ ಹುಳುಗಳು: ಈ ಮೂರರ ವಿಷಯದಲ್ಲಿ ಇದರ ಉಪಕಾರ ನಿಜವಾದದ್ದು. ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ. ಬಿಸಿಲಿಗೆ ಕಾದ ಬಣ್ಣದ ಮೇಲೆ ಅದು ಒಣಗಿ ಸುಕ್ಕುಗಟ್ಟುವಾಗ ಕ್ಲಿಯರ್ ಕೋಟಿನಲ್ಲಿ ಕಲೆಯನ್ನು ಕೊರೆದೇ ಬಿಡುತ್ತದೆ. ಬೆಂಗಳೂರು, ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಮಳೆಮರದ ಕೆಳಗೆ ಕಾರು ನಿಲ್ಲಿಸುವವರು, ನೇರಳೆ ಹಣ್ಣಿನ ಕಾಲದಲ್ಲಿ ಬಾವಲಿಗಳ ಹಾವಳಿ ಕಂಡವರು ಈ ಕಷ್ಟ ಬಲ್ಲರು. ಸಿಲಿಕಾ ಪೊರೆ ಆಮ್ಲ ಕ್ಷಾರಗಳಿಗೆ ಬೇಗ ಬಗ್ಗುವುದಿಲ್ಲ. ಕಲೆ ಕೊರೆಯುವ ಮುನ್ನ ನಿಮಗೆ ಕೆಲವು ಗಂಟೆಗಳ ಬಿಡುವು ಕೊಡುತ್ತದೆ, ತೆಗೆಯುವಾಗ ಸುಲಭವಾಗಿ ಬಿಡುತ್ತದೆ. ಕೆಲವು ಗಂಟೆ ಎಂದೆ, ಕೆಲವು ದಿನವಲ್ಲ. ಮೂರು ದಿನ ಹಾಗೇ ಬಿಟ್ಟರೆ ಲೇಪವಿದ್ದರೂ ಗುರುತು ಉಳಿಯಬಹುದು. ಅಲಾಯ್ ಗಾಲಿಗಳಿಗೆ ಹಚ್ಚಿಸಿದರೆ ಬ್ರೇಕಿನ ಕಪ್ಪು ಪುಡಿ ಕಚ್ಚಿಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ಇಡೀ ಕಾರಿನಲ್ಲಿ ಇದು ಕೊಟ್ಟ ದುಡ್ಡಿಗೆ ತಕ್ಕ ಕೆಲಸ ಮಾಡುವ ಜಾಗ ಗಾಲಿಗಳೇ. ಮುಂಗಾಜಿಗೆ ಹಚ್ಚುವ ಇದೇ ಬಗೆಯ ಅಗ್ಗದ ಲೇಪ ಮಳೆಯಲ್ಲಿ ದಾರಿ ಕಾಣಲು ನೆರವಾಗುತ್ತದೆ. ಬಾನೆಟ್ಟಿನ ಹೊಳಪಿಗಿಂತ ಅದು ಮುಖ್ಯ ಎಂದು ಬೇರೆ ಹೇಳಬೇಕಿಲ್ಲ. ಗ್ರಾಫೀನ್ ಎಂಬ ಹೆಸರಿನಲ್ಲಿ ದುಪ್ಪಟ್ಟು ಬೆಲೆಗೆ ಬರುವುದು ಹೆಚ್ಚಾಗಿ ಇದೇ ಸಿಲಿಕಾ ಲೇಪಕ್ಕೆ ಚಿಟಿಕೆ ಗ್ರಾಫೀನ್ ಆಕ್ಸೈಡ್ ಬೆರೆಸಿದ್ದು. ಹಳೆಯ ಟೆಫ್ಲಾನ್ ಕೋಟಿಂಗಿನ ಕಥೆ ನೆನಪಿದ್ದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಟೆಫ್ಲಾನ್ ಕರಗಿ ಕೂಡಿಕೊಳ್ಳಲು 327 ಡಿಗ್ರಿಗೂ ಮಿಕ್ಕ ಶಾಖ ಬೇಕು. ಬಾಣಲೆಗೆ ಸರಿ, ಕಾರಿನ ಬಾಗಿಲಿಗೆ ಅಷ್ಟು ಶಾಖ ಕೊಟ್ಟರೆ ಬಣ್ಣವೇ ಸುಟ್ಟುಹೋದೀತು. ಆದರೂ ಅದು ವರ್ಷಾನುಗಟ್ಟಲೆ ಶೋರೂಮ್ ಬಿಲ್ಲುಗಳಲ್ಲಿ ರಾರಾಜಿಸಿತು.

ದುಡ್ಡಿನ ಲೆಕ್ಕಕ್ಕೆ ಬರೋಣ. ಕಾರಿನ ಬೆಲೆಯ ಶೇ 2 ಮಾತ್ರ ಎನ್ನುವುದು ಮಾರಾಟಗಾರರ ಲೆಕ್ಕ, ಕೊಳ್ಳುವವರ ಲೆಕ್ಕವಾಗಬಾರದು. ಕೊಳ್ಳುವವರು ಹೋಲಿಸಬೇಕಾದದ್ದು ಇದರಿಂದ ತಪ್ಪುವ ನಷ್ಟದ ಜತೆ. ಒಂದು ಬಾಗಿಲಿಗೋ ಬಂಪರಿಗೋ ಮತ್ತೆ ಬಣ್ಣ ಹೊಡೆಸಲು ಐದರಿಂದ ಹತ್ತು ಸಾವಿರ ಆಗುತ್ತದೆ. ಮೂವತ್ತು ಸಾವಿರಕ್ಕೆ ಮೂರರಿಂದ ಆರು ಪ್ಯಾನೆಲ್. ನಮ್ಮ ರಸ್ತೆಗಳಲ್ಲಿ ಪ್ಯಾನೆಲ್ಲಿಗೆ ಬಣ್ಣ ಹೊಡೆಸುವ ಸಂದರ್ಭ ಬರುವುದು ಬೈಕಿನ ಹ್ಯಾಂಡಲ್ ಉಜ್ಜಿ, ಆಟೊ ತಾಗಿ, ಗೇಟಿಗೆ ಒತ್ತಿ. ಇವ್ಯಾವುದನ್ನೂ ಲೇಪ ತಡೆಯುವುದಿಲ್ಲ. ತಾಗಿದ ಪ್ಯಾನೆಲ್ಲಿಗೆ ವಿಮೆಯಲ್ಲಿ ಬಣ್ಣ ಹೊಡೆಸಿದರೆ ಅದರ ಮೇಲಿದ್ದ ಲೇಪ ಹೋಯಿತು. ಹೊಸ ಬಣ್ಣ ಪೂರ್ತಿ ಪಕ್ವವಾಗಲು ಕೆಲವು ವಾರ ಕಾದು ಅಷ್ಟು ಭಾಗಕ್ಕೆ ಮತ್ತೆ ಹಚ್ಚಿಸಬೇಕು, ಅದರ ಖರ್ಚು ಸಾಮಾನ್ಯವಾಗಿ ನಿಮ್ಮದೇ. ಐದು ವರ್ಷದ ವಾರಂಟಿ ಎಂಬುದರಲ್ಲಿ ಪ್ರತಿವರ್ಷ ಅವರಲ್ಲೇ ದುಡ್ಡು ಕೊಟ್ಟು ಮೇಂಟೆನೆನ್ಸ್ ಕೋಟ್ ಮಾಡಿಸುವ ಷರತ್ತು ಬಹಳ ಕಡೆ ಇರುತ್ತದೆ. ಒಂದು ವರ್ಷ ತಪ್ಪಿದರೆ ವಾರಂಟಿ ಮುಗಿಯಿತು. ಮರುಮಾರಾಟದ ಹೊತ್ತಿನಲ್ಲಿ ಹಳೆಯ ಕಾರಿನ ವ್ಯಾಪಾರಿ ಬಣ್ಣದ ದಪ್ಪ ಅಳೆಯುವ ಮೀಟರ್ ಹಿಡಿದು ಬರುತ್ತಾನೆ. ಯಾವ ಪ್ಯಾನೆಲ್ಲಿಗೆ ಮರುಬಣ್ಣ ಆಗಿದೆ ಎಂದು ನೋಡುತ್ತಾನೆಯೇ ಹೊರತು ಲೇಪಕ್ಕೆಂದು ಬೆಲೆ ಏರಿಸುವುದಿಲ್ಲ.

ಆ ಮೀಟರಿನ ವಿಷಯ ಇನ್ನೂ ಒಂದು ಕಾರಣಕ್ಕೆ ಮುಖ್ಯ. ಅದರ ನಿಖರತೆಯೇ ಒಂದೆರಡು ಮೈಕ್ರಾನ್ ಆಚೀಚೆ. ಅಂದರೆ ಹಚ್ಚಿದ್ದಾರೋ ಇಲ್ಲವೋ ಎಂಬುದನ್ನು ಅಳೆದು ಹೇಳುವುದು ಗ್ರಾಹಕರಿಂದ ಆಗದ ಕೆಲಸ. ನೀರು ಸುರಿದು ಹನಿಗಟ್ಟಿದ್ದನ್ನು ತೋರಿಸುತ್ತಾರೆ, ಆದರೆ ಸಾಧಾರಣ ವ್ಯಾಕ್ಸ್ ಹಚ್ಚಿದ ಮೇಲೂ ನೀರು ಹಾಗೇ ಹನಿಗಟ್ಟುತ್ತದೆ. ಎರಡು ತಿಂಗಳ ಮೇಲೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಶೋರೂಮಿನಲ್ಲಿ ಡೆಲಿವರಿಯ ಹಿಂದಿನ ಸಂಜೆ ಅವಸರದಲ್ಲಿ ಮಾಡುವ ಕೆಲಸಕ್ಕೂ, ಎರಡು ದಿನ ಕಾರಿಟ್ಟುಕೊಂಡು ಮಾಡುವ ಕೆಲಸಕ್ಕೂ ಬಿಲ್ಲಿನಲ್ಲಿ ಒಂದೇ ಹೆಸರು. ಮಾಡಿಸುವುದೇ ಆದರೆ ಪಾಲಿಶ್ ಮುಗಿದು ಲೇಪ ಹಚ್ಚುವ ಮುನ್ನ ಕಾರನ್ನು ಜೋರು ಬೆಳಕಿನಲ್ಲಿ ನೋಡುತ್ತೇನೆ ಎಂದು ಕೇಳಿ. ಶೀಶೆಯ ಸೀಲು ನಿಮ್ಮೆದುರೇ ಒಡೆಯಲಿ. ಪಾಲಿಶಿಗೆ ಮೊದಲು ಮತ್ತು ಆಮೇಲೆ ಮೀಟರ್ ತೋರಿಸಿದ ಅಂಕಿಗಳನ್ನು ಬರೆಸಿಕೊಳ್ಳಿ. ವಾರಂಟಿಯಲ್ಲಿ ಏನು ಸೇರಿಲ್ಲ ಎಂಬುದನ್ನು ದುಡ್ಡು ಕಟ್ಟುವ ಮೊದಲೇ ಓದಿ. ‘ಗೀರು ಬೀಳುವುದಿಲ್ಲ’ ಎಂದು ಬಾಯಲ್ಲಿ ಹೇಳಿದ್ದನ್ನು ಬಿಲ್ಲಿನ ಮೇಲೆ ಬರೆದುಕೊಡಿ ಎಂದು ಕೇಳಿದಾಗ ಮಾತಿನ ಧಾಟಿ ಬದಲಾಗುವುದನ್ನು ಗಮನಿಸಿ. ಕೊಟ್ಟ ಮಾತು ತಪ್ಪಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಯಿದೆ. ಎರಡೂ ಕಡೆ ಮೊದಲು ಕೇಳುವುದು ಬರಹದ ದಾಖಲೆಯನ್ನೇ.

ಕಡುಬಣ್ಣದ ಕಾರು, ಬಯಲಿನಲ್ಲೋ ಮರದ ಕೆಳಗೋ ನಿಲ್ಲಿಸುವ ಅನಿವಾರ್ಯ, ವಾರಕ್ಕೊಮ್ಮೆ ತಾವೇ ನಿಂತು ತೊಳೆಯುವ ಅಭ್ಯಾಸ, ಐದಾರು ವರ್ಷ ಅದೇ ಕಾರನ್ನು ಇಟ್ಟುಕೊಳ್ಳುವ ಇರಾದೆ: ಇವಿಷ್ಟೂ ಇರುವವರಿಗೆ ಸೆರಾಮಿಕ್ ಕೋಟಿಂಗ್ ಒಳ್ಳೆಯ ಖರ್ಚು. ಅವರೂ ಶೋರೂಮಿನಲ್ಲಲ್ಲ, ಹೆಸರಿರುವ ಡೀಟೇಲಿಂಗ್ ಅಂಗಡಿಯಲ್ಲಿ, ಐದು–ಏಳು ವರ್ಷದ ದುಬಾರಿ ಪ್ಯಾಕೇಜು ಬಿಟ್ಟು ಎರಡು–ಮೂರು ವರ್ಷದ್ದನ್ನು ಮಾಡಿಸಲಿ. ನೆಲಮಾಳಿಗೆಯಲ್ಲಿ ನಿಲ್ಲುವ, ದಿನವೂ ಬೇರೆಯವರು ಒರೆಸುವ ಬಿಳಿಯ ಕಾರಿಗೆ ಅದು ದಂಡ. ಆ ಕಾರಿನವರು ಮೊದಲು ದಿನದ ಒರೆಸಾಟವನ್ನು ನಿಲ್ಲಿಸಲಿ, ವಾರಕ್ಕೊಮ್ಮೆ ತೊಳೆಸಲಿ. ಶಾಂಪೂ ನೀರಿಗೊಂದು, ಬಟ್ಟೆ ಜಾಲಾಡುವುದಕ್ಕೊಂದು ಹೀಗೆ ಎರಡು ಬಕೆಟ್, ಉದ್ದ ಎಳೆಯ ಒಂದು ಮೈಕ್ರೋಫೈಬರ್ ಕೈಗವಸು, ಒರೆಸಲು ಎರಡು ದಪ್ಪ ಟವೆಲ್, ಗಾಲಿಗೆ ಬೇರೆಯದೇ ಬಟ್ಟೆ, ಮೂರು ನಾಲ್ಕು ತಿಂಗಳಿಗೊಮ್ಮೆ ಸಿಂಪಡಿಸಿ ಒರೆಸುವ ಸೀಲೆಂಟ್ ಒಂದು ಡಬ್ಬಿ; ಎಲ್ಲ ಸೇರಿ ಮೂರು ಸಾವಿರ ರೂಪಾಯಿ ದಾಟುವುದಿಲ್ಲ.